ನಿಮಗಿದು ಗೊತ್ತೆ? ಪೇಟೆಯ ಮೈದಾನ, ಪಕ್ಕದ ಹೋಟೆಲು

ಬೆಂಗಳೂರಿನ ತರಗುಪೇಟೆಯ ಮಂಡಿಗಳಿಂದ ನಡೆದೇ ಹೋಗುವಷ್ಟು ಹತ್ತಿರದ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಬರೀ ಕ್ರಿಕೆಟ್ ನಡೆಯುತ್ತಿರಲಿಲ್ಲ. 1939ರಲ್ಲಿ ಶುರುವಾದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ದಶಕಗಳ ಕಾಲ ಚಪ್ಪರ ಏಳುತ್ತಿದ್ದುದು ಇಲ್ಲೇ. ಹುಡುಗರು ಸಂಜೆಯವರೆಗೆ ಬ್ಯಾಟು ಬೀಸಿದ ನೆಲದಲ್ಲಿ ರಾತ್ರಿ ಕಛೇರಿ! ಇಂಥ ಭಾಗ್ಯ ಎಷ್ಟು ಮೈದಾನಗಳಿಗುಂಟು?

ಚಿನ್ನಸ್ವಾಮಿ ಕ್ರೀಡಾಂಗಣ ತಲೆ ಎತ್ತುವ ಮುನ್ನ ಬೆಂಗಳೂರಿನ ರಣಜಿ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜು ಮೈದಾನವೇ ಮನೆಯಂಗಳ. ಪ್ರಸನ್ನ, ಚಂದ್ರಶೇಖರ್ ಅವರ ಸ್ಪಿನ್ನನ್ನು ಜನ ಮರದ ನೆರಳಲ್ಲಿ ನಿಂತು ನೋಡಿದರು. ನಗರದ ಮೊದಲ ಟೆಸ್ಟ್ ನಡೆದದ್ದು ಮಾತ್ರ ಹೊಸ ಕ್ರೀಡಾಂಗಣದಲ್ಲಿ, 1974ರ ನವೆಂಬರಿನಲ್ಲಿ. ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟ್. ದೊಡ್ಡ ಕ್ರೀಡಾಂಗಣ ಬಂದದ್ದು ಒಳ್ಳೆಯದೇ, ಆದರೆ ಆಟಗಾರನ ಉಸಿರು ಕೇಳುವಷ್ಟು ಹತ್ತಿರ ನಿಲ್ಲುವ ಸುಖ ಅಲ್ಲಿಗೆ ಮುಗಿಯಿತು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲೂ ಹೀಗೇ ಆಯಿತು. ಕಾಲಿಂಗ್‌ವುಡ್ ಫುಟ್‌ಬಾಲ್ ತಂಡದ ಬಡಾವಣೆ ಮೈದಾನ ವಿಕ್ಟೋರಿಯಾ ಪಾರ್ಕಿನಲ್ಲಿ 1999ರ ನಂತರ ದೊಡ್ಡ ಲೀಗಿನ ಪುರುಷರ ಫುಟ್‌ಬಾಲ್ ಪಂದ್ಯಗಳು ನಿಂತವು. ಆಟ ಮುಗಿದ ಮೇಲೆ ಅಲ್ಲಿನವರು ಪಕ್ಕದ ಪಬ್ಬಿಗೆ ಹೋಗುತ್ತಿದ್ದರು.

ನಮ್ಮ ಬೆಂಗಳೂರಿನ ಬಸವನಗುಡಿಯವರಿಗೆ ಪಬ್ಬಿನ ಬದಲು ದೋಸೆ, ಕಾಫಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯನ್ನು ಇಂದಿಗೂ ಅಲ್ಲಿ ನೋಡಬಹುದು. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ.