ಜಾಲತಾಣದ ಅಧಿಕಾರಪದವೂ ಲಿಂಗವಿಚಾರವೂ

ಜಾಲತಾಣವನ್ನು ನಡೆಯಿಸುವವರಿಗೆ ಇಂಗ್ಲಿಷಿನಲ್ಲಿ ಬಹುಕಾಲ ‘ವೆಬ್‌ಮಾಸ್ಟರ್’ ಎಂಬ ಹೆಸರು ರೂಢಿಯಲ್ಲಿದ್ದಿತು. ‘ಪೋಸ್ಟ್‌ಮಾಸ್ಟರ್’ ಪದದ ಅಚ್ಚಿನಲ್ಲಿಯೇ ಇದು ಎರಕವಾದಂತಿದೆ. 1997ರಲ್ಲಿ ಪ್ರಕಟವಾದ 2142ನೆಯ ಅಂತರಜಾಲ ನಿಯಮಪತ್ರವು ಎರಡನ್ನೂ ಮಿಂಚಂಚೆಯ ವಿಳಾಸಗಳಾಗಿ ಗೊತ್ತುಮಾಡಿತು. ‘ಮಾಸ್ಟರ್’ ಪುರುಷವಾಚಕವಾದ್ದರಿಂದ ಸ್ತ್ರೀಯರಿಗೆ ‘ವೆಬ್‌ಮಿಸ್ಟ್ರೆಸ್’ ಎಂದು ಕೆಲವರು ಕರೆದು ನೋಡಿದರು. ಆದರೆ ‘ಮಿಸ್ಟ್ರೆಸ್’ ಎಂಬುದಕ್ಕೆ ಉಪಪತ್ನಿಯೆಂಬ ಅರ್ಥವೂ ಅಂಟಿಕೊಂಡಿರುವುದರಿಂದ ಅದು ಗೌರವದ ಪದವಾಗಲಿಲ್ಲ. ಗೂಗಲ್ ಸಂಸ್ಥೆಯು 2015ರಲ್ಲಿ ತನ್ನ ‘ವೆಬ್‌ಮಾಸ್ಟರ್ ಟೂಲ್ಸ್’ ಎಂಬುದರ ಹೆಸರನ್ನು ‘ಸರ್ಚ್ ಕನ್ಸೋಲ್’ ಎಂದು ಬದಲಿಸಿತು. ಅದಕ್ಕೆ ಕೊಟ್ಟ ಕಾರಣ ಲಿಂಗವಲ್ಲ, ಬಳಸುವವರೆಲ್ಲರೂ ಆ ಹೆಸರಿನವರಲ್ಲವೆಂಬುದು.

ಕನ್ನಡದಲ್ಲಿ ‘ಮಾಸ್ಟರ್’ ಶಬ್ದವು ‘ಮೇಷ್ಟ್ರು’ ಆಗಿ ಪಾಠಶಾಲೆಯನ್ನು ಸೇರಿ, ಅಲ್ಲಿಯೂ ಗಂಡಸಿಗೇ ಮೀಸಲಾಯಿತು. ಅದರ ಬದಲು ಬಳಕೆಗೆ ಬಂದಿರುವ ‘ನಿರ್ವಾಹಕ’ ಪದಕ್ಕೂ ಅದೇ ದೋಷವುಂಟು. ‘ಜಾಲತಾಣ ನಿರ್ವಾಹಕ ಬೇಕಾಗಿದ್ದಾನೆ’ ಎಂಬ ಪ್ರಕಟನೆಯನ್ನು ಓದಿದ ಹೆಣ್ಣುಮಗಳು ಅರ್ಜಿ ಹಾಕಬೇಕೆ, ಬೇಡವೆ? ‘ನಿರ್ವಾಹಕಿ’ ಎಂದು ಇನ್ನೊಂದು ರೂಪವನ್ನು ಸೇರಿಸಿದರೆ ಆಕೆಗೆ ಎಡೆ ದೊರೆಯುವುದು ನಿಜ. ಆದರೆ ಹೆಸರನ್ನೇ ಅರಿಯದವರಿಗೆ ಕಾಗದ ಬರೆಯುವಾಗ ಯಾವುದನ್ನು ಆರಿಸತಕ್ಕದ್ದು? ಎರಡು ಲಿಂಗಗಳಲ್ಲಿಯೂ ತಮ್ಮನ್ನು ಎಣಿಸಿಕೊಳ್ಳದವರ ಗತಿಯೇನು? ‘ನಿರ್ವಾಹಕರು’ ಎಂಬ ಗೌರವ ಬಹುವಚನವು ಸಂಬೋಧನೆಗೆ ಸಾಕು, ಹುದ್ದೆಯ ಹೆಸರಿಗೆ ಸಾಲದು. ಒಬ್ಬರೋ ಹಲವರೋ ಎಂಬುದು ಅದರಿಂದ ತಿಳಿಯದು. ‘ನಿರ್ವಾಹಕ ಹುದ್ದೆ’ ಎಂದೊಡನೆ ಪುಲ್ಲಿಂಗದ ಛಾಯೆಯೂ ಮರಳಿ ಬರುತ್ತದೆ. ‘ಪಾರುಪತ್ಯಗಾರ’ ಎಂಬ ಹಳೆಯ ಸೊಗಸಾದ ಪದವನ್ನು ಎತ್ತಿಕೊಳ್ಳೋಣವೆಂದರೆ, ‘ಗಾರ’ನ ಬೆನ್ನಿಗೆ ‘ಗಾರ್ತಿ’ ಬಂದೇ ಬರುವಳು.

ಈ ತೊಡಕಿಗೆ ಪರಿಹಾರವು ಭಾಷೆಯಲ್ಲಿಯೇ ಇದೆ. ಅಧಿಕಾರಿ, ಮಂತ್ರಿ, ಕಾರ್ಯದರ್ಶಿ ಮೊದಲಾದವು ಸಂಸ್ಕೃತದಲ್ಲಿ ‘ಇನ್’ ಎಂದು ಕೊನೆಗೊಳ್ಳುವ ಪ್ರಾತಿಪದಿಕಗಳು. ಅಲ್ಲಿ ‘ಅಧಿಕಾರಿಣೀ’ ಎಂಬ ಸ್ತ್ರೀರೂಪವುಂಟು. ಕನ್ನಡವು ಅದನ್ನು ಬಹುಮಟ್ಟಿಗೆ ಕೈಬಿಟ್ಟು, ಒಂದೇ ರೂಪವನ್ನು ಎಲ್ಲರಿಗೂ ಸಲ್ಲಿಸಿತು. ‘ವಿದ್ಯಾರ್ಥಿನಿ’ಯಂಥ ಕೆಲವು ಮಾತ್ರ ಹಟಹಿಡಿದು ಉಳಿದಿವೆ. ಆದ್ದರಿಂದ ‘ಜಾಲತಾಣಾಧಿಕಾರಿ’ ಎಂಬುದು ಕಚೇರಿಗಳಿಗೆ ಒಪ್ಪುವ ಪದ. ತಾಣವು ‘ಸ್ಥಾನ’ದ ತದ್ಭವ, ಅದಕ್ಕೆ ಸಂಸ್ಕೃತಸಂಧಿಯೇ ಎಂದು ವೈಯಾಕರಣರು ಹುಬ್ಬು ಗಂಟಿಕ್ಕಿದರೆ ‘ಜಾಲತಾಣದ ಅಧಿಕಾರಿ’ ಎಂದು ಬಿಡಿಸಿ ಬರೆಯಬಹುದು.

ಮನೆಯಲ್ಲಿಯೇ ಕುಳಿತು ಸಣ್ಣ ಸಂಘವೊಂದರ ಪುಟಗಳನ್ನು ತಿದ್ದುವವರಿಗಾದರೋ ‘ಅಧಿಕಾರಿ’ ಎಂಬುದು ತೂಕದ ಪೇಟವಾದೀತು. ಅಂಥಲ್ಲಿ ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಹೆಸರಿಸುವುದು ಲೇಸು: ‘ಜಾಲತಾಣದ ಉಸ್ತುವಾರಿ’ ಎಂದು ಬರೆದು ಮುಂದೆ ಹೆಸರನ್ನು ಕೊಟ್ಟರಾಯಿತು. ಪುಸ್ತಕಗಳಲ್ಲಿ ‘ಸಂಪಾದಕ’ ಎನ್ನದೆ ‘ಸಂಪಾದನೆ’ ಎಂದು ಅಚ್ಚುಮಾಡುವ ಕ್ರಮವೂ ಇಂಥದೇ. ಇನ್ನು ಪ್ರಕಟನೆಯಲ್ಲಿ ಯಾವ ಪದವನ್ನು ಹಿಡಿದರೂ ಕ್ರಿಯಾಪದದಲ್ಲಿ ಲಿಂಗವು ತಲೆಯೆತ್ತದಂತೆ ‘ಬೇಕಾಗಿದ್ದಾರೆ’ ಎಂದೇ ಬರೆಯತಕ್ಕದ್ದು.