ಒಂದು ತಂತ್ರಾಂಶ, ನಾಲ್ಕು ಕಾನೂನು: ಎಐ ನಿಯಮಗಳ ಹೊಂದಾಣಿಕೆ ಆಗುವುದೆಲ್ಲಿ?

ಬೆಂಗಳೂರಿನ ಸಣ್ಣ ಕಂಪನಿಯೊಂದು ಕೆಲಸಕ್ಕೆ ಬಂದ ಅರ್ಜಿಗಳನ್ನು ಸೋಸುವ ಎಐ ತಂತ್ರಾಂಶ ತಯಾರಿಸಿದೆ ಎಂದುಕೊಳ್ಳೋಣ. ಅರ್ಜಿ ಓದಿ, ಅಂಕ ಹಾಕಿ, ಯಾರನ್ನು ಸಂದರ್ಶನಕ್ಕೆ ಕರೆಯಬಹುದು ಎಂದು ಸೂಚಿಸುವುದು ಅದರ ಕೆಲಸ. ಜರ್ಮನಿಯಲ್ಲೊಬ್ಬ, ನ್ಯೂಯಾರ್ಕ್ ನಗರದಲ್ಲೊಬ್ಬ, ದಕ್ಷಿಣ ಕೊರಿಯಾದಲ್ಲೊಬ್ಬ ಗಿರಾಕಿ ಸಿಕ್ಕಿದ್ದಾರೆ, ಊರಲ್ಲೂ ಒಂದಿಬ್ಬರಿದ್ದಾರೆ. ಎಲ್ಲರಿಗೂ ಹೋಗುವುದು ಒಂದೇ ಕೋಡ್. ಆದರೆ ಪಾಲಿಸಬೇಕಾದ ಕಾನೂನು ಒಬ್ಬೊಬ್ಬರ ಕಡೆ ಒಂದೊಂದು.

ಜರ್ಮನಿಗೆ ಅನ್ವಯಿಸುವುದು ಐರೋಪ್ಯ ಒಕ್ಕೂಟದ ಎಐ ಕಾಯ್ದೆ. 2024ರ ಆಗಸ್ಟ್ 1ರಂದು ಜಾರಿಗೆ ಬಂದು, ಹಂತಹಂತವಾಗಿ ಅನ್ವಯವಾಗುತ್ತಿರುವ ಈ ಕಾಯ್ದೆ ನೇಮಕಾತಿಗೆ ಬಳಸುವ ಎಐಯನ್ನು ‘ಹೆಚ್ಚಿನ ಅಪಾಯ’ದ ಗುಂಪಿಗೆ ಸೇರಿಸಿದೆ. ತಯಾರಕರು ತಾಂತ್ರಿಕ ದಾಖಲೆಗಳನ್ನು 10 ವರ್ಷ ಕಾಪಿಡಬೇಕು. ವ್ಯವಸ್ಥೆ ತಾನಾಗಿ ಬರೆದಿಡುವ ಲಾಗ್‌ಗಳನ್ನು ಕನಿಷ್ಠ 6 ತಿಂಗಳು ಉಳಿಸಬೇಕು. ಮನುಷ್ಯರ ಮೇಲುಸ್ತುವಾರಿಗೆ ಅವಕಾಶವಿರಬೇಕು, ಒಕ್ಕೂಟದೊಳಗೆ ಒಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು, ನಿಯಮ ಪಾಲಿಸಿದ್ದನ್ನು ಸಾರುವ ಸಿಇ ಗುರುತು ಹಾಕಬೇಕು. ತಪ್ಪಿದರೆ ದಂಡ 1.5 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 3ರವರೆಗೆ, ಎರಡರಲ್ಲಿ ಹೆಚ್ಚು ಯಾವುದೋ ಅದು. ಸಣ್ಣ ಕಂಪನಿಗಳಿಗೆ ಮಾತ್ರ ಕಡಿಮೆ ಯಾವುದೋ ಅದು.

ನ್ಯೂಯಾರ್ಕ್ ನಗರದ 144ನೇ ಸ್ಥಳೀಯ ಕಾನೂನಿನ ದಾರಿಯೇ ಬೇರೆ. 2023ರ ಜುಲೈನಿಂದ ಜಾರಿಯಾಗುತ್ತಿರುವ ಈ ಕಾನೂನಿನ ಪ್ರಕಾರ ಹೊರಗಿನ ಆಡಿಟರ್ ವರ್ಷಕ್ಕೊಮ್ಮೆ ತಾರತಮ್ಯದ ಆಡಿಟ್ ನಡೆಸಬೇಕು: ಗಂಡು–ಹೆಣ್ಣು ಮತ್ತು ಜನಾಂಗವಾರು ಯಾರು ಎಷ್ಟು ಆಯ್ಕೆಯಾದರು ಎಂಬ ಅನುಪಾತ ತೆಗೆದು ಸಾರಾಂಶವನ್ನು ಪ್ರಕಟಿಸಬೇಕು. ತಂತ್ರಾಂಶ ಬಳಸುವ ವಿಷಯವನ್ನು ನಗರದ ಅಭ್ಯರ್ಥಿಗೆ 10 ಕೆಲಸದ ದಿನ ಮೊದಲೇ ತಿಳಿಸಬೇಕು. ಮೊದಲ ತಪ್ಪಿಗೆ ದಂಡ ಗರಿಷ್ಠ 500 ಡಾಲರ್.

ದಕ್ಷಿಣ ಕೊರಿಯಾದ ಎಐ ಮೂಲ ಕಾಯ್ದೆ 2026ರ ಜನವರಿ 22ರಂದು ಜಾರಿಗೆ ಬಂತು. ಅಲ್ಲೂ ನೇಮಕಾತಿಯ ಎಐ ‘ಹೆಚ್ಚಿನ ಪ್ರಭಾವ’ದ ಪಟ್ಟಿಯಲ್ಲಿದೆ, ದಂಡ ಗರಿಷ್ಠ 3 ಕೋಟಿ ವಾನ್. ಭಾರತದಲ್ಲಿ ಎಐಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಎಐ ಆಡಳಿತ ಮಾರ್ಗಸೂಚಿ, ಸದ್ಯಕ್ಕೆ ಇರುವ ಕಾನೂನುಗಳನ್ನೇ ಬಳಸಿಕೊಳ್ಳುವ ದಾರಿ ಹಿಡಿದಿದೆ. ಅರ್ಜಿದಾರರ ವೈಯಕ್ತಿಕ ಮಾಹಿತಿಯ ಮಟ್ಟಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ ಗರಿಷ್ಠ ದಂಡ 250 ಕೋಟಿ ರೂಪಾಯಿ.

ಇಡೀ ಜಗತ್ತಿಗೆ ಒಂದೇ ಕಾನೂನು ತಂದರಾಯಿತಲ್ಲ ಎನ್ನಿಸಬಹುದು. ಸದ್ಯಕ್ಕೆ ಅದು ಆಗುವ ಮಾತಲ್ಲ. ಹಾಗಂತ ಹೊಂದಾಣಿಕೆಯ ಕೆಲಸ ನಿಂತಿಲ್ಲ. ಶೃಂಗಸಭೆಯ ವೇದಿಕೆಗಳಿಗಿಂತ ವ್ಯಾಖ್ಯೆ, ಮಾನಕ, ಪರೀಕ್ಷಾ ವರದಿ, ಖರೀದಿ ಕರಾರುಗಳಂಥ ನೀರಸ ಕಾಗದಗಳಲ್ಲಿ ಅದು ಹೆಚ್ಚು ಸಾಗುತ್ತಿದೆ. ಕಾನೂನುಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಅವು ಕೇಳುವ ಪುರಾವೆ ನಿಧಾನವಾಗಿ ಒಂದಾಗುತ್ತದೆ. ಇಂದಿನ ಮಟ್ಟಿಗೆ ಹೊಂದಾಣಿಕೆ ಎಂದರೆ ಇಷ್ಟೇ. ಅದು ನಡೆಯುವ ಬಗೆಯನ್ನು ಒಂದೊಂದಾಗಿ ನೋಡೋಣ.

ಗಿರಾಕಿಯ ಬೆನ್ನಿಗೆ ಬರುವ ಕಾನೂನು

ಬೆಂಗಳೂರಿನಲ್ಲಿ ಕೂತು ಬರೆದ ಕೋಡಿಗೆ ಬ್ರಸೆಲ್ಸ್‌ನ ಕಾನೂನು ಯಾಕೆ ಅನ್ವಯಿಸಬೇಕು? ತಯಾರಕ ಎಲ್ಲೇ ಇರಲಿ, ಎಐ ಕೊಡುವ ಫಲಿತಾಂಶ ಒಕ್ಕೂಟದೊಳಗೆ ಬಳಕೆಯಾದರೆ ಕಾಯ್ದೆ ಅನ್ವಯಿಸುತ್ತದೆ ಎಂದು ಅದರ 2ನೇ ವಿಧಿಯೇ ಹೇಳುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಈ ಬಗೆಯ ಅಧಿಕಾರ ಹೊಸದಲ್ಲ. ಕಾಡು ಕಡಿದು ಬೆಳೆದ ಸರಕು ಬೇಡ ಎನ್ನುವ 2023ರ ಐರೋಪ್ಯ ನಿಯಮ ತೋಟದ ಜಾಗದ ನಿಖರ ಗುರುತನ್ನೇ ಕೇಳುತ್ತದೆ. ಅದರ ಗಡುವು ಮುಂದೆ ಹೋಗುತ್ತಲೇ ಇದ್ದರೂ ರಫ್ತು ಮಾಡುವವರು ತೋಟಗಳ ಮಾಹಿತಿ ಕೂಡಿಹಾಕಲೇಬೇಕಾಯಿತು. ಇನ್‌ಸ್ಪೆಕ್ಟರ್ ಯಾರೂ ವಿಮಾನ ಹತ್ತಿ ಬರುವುದಿಲ್ಲ. ಕೊಳ್ಳುವವನೇ ಕಾಗದ ಕೇಳುತ್ತಾನೆ.

ಎಐಯಲ್ಲೂ ಹಾಗೆಯೇ. ಜರ್ಮನಿಯ ಗಿರಾಕಿ ತನ್ನ ಮೇಲಿನ ಹೊಣೆಯನ್ನು ಕರಾರಿನ ಷರತ್ತುಗಳಾಗಿ ಬೆಂಗಳೂರಿಗೆ ದಾಟಿಸುತ್ತಾನೆ. ದೇಶಕ್ಕೊಂದು ಆವೃತ್ತಿ ಮಾಡುವ ಖರ್ಚು ಯಾರಿಗೂ ಬೇಡ. ಹಾಗಾಗಿ ಅತಿ ಕಟ್ಟುನಿಟ್ಟಿನ ನಿಯಮಕ್ಕೆ ತಕ್ಕಂತೆ ಮಾಡಿ ಅದನ್ನೇ ಎಲ್ಲೆಡೆ ಮಾರುವುದು ಎಷ್ಟೋ ಸಲ ಅಗ್ಗ. ಕಾನೂನು ವಿದ್ವಾಂಸೆ ಅನು ಬ್ರಾಡ್‌ಫರ್ಡ್ ಇದಕ್ಕೆ ‘ಬ್ರಸೆಲ್ಸ್ ಪರಿಣಾಮ’ ಎಂದು ಹೆಸರಿಟ್ಟರು. ಒಪ್ಪಂದವಿಲ್ಲದೆ, ಬರೀ ಮಾರುಕಟ್ಟೆಯ ಒತ್ತಡದಿಂದ ಆಗುವ ಹೊಂದಾಣಿಕೆ ಇದು.

ಮೊದಲ ಮೆಟ್ಟಿಲು: ಎಐ ಎಂದರೆ ಯಾವುದು?

ಒಂದು ದೇಶ ಎಐ ಎನ್ನುವುದನ್ನು ಇನ್ನೊಂದು ದೇಶ ಮಾಮೂಲಿ ಲೆಕ್ಕದ ತಂತ್ರಾಂಶ ಎಂದರೆ ಮುಂದಿನ ಮಾತೇ ಇಲ್ಲ. ಶ್ರೀಮಂತ ದೇಶಗಳೇ ಹೆಚ್ಚಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 2019ರಲ್ಲಿ ಎಐ ತತ್ವಗಳನ್ನು ಒಪ್ಪಿಕೊಂಡು 2023ರ ನವೆಂಬರ್‌ನಲ್ಲಿ ವ್ಯಾಖ್ಯೆಯನ್ನು ತಿದ್ದಿತು. ಐರೋಪ್ಯ ಕಾಯ್ದೆಯ ವ್ಯಾಖ್ಯೆ ಬಹುತೇಕ ಅದೇ. ಕೌನ್ಸಿಲ್ ಆಫ್ ಯುರೋಪ್‌ನ ಎಐ ಒಡಂಬಡಿಕೆಯಲ್ಲೂ (ಅದರ ಬಗ್ಗೆ ಮುಂದೆ) ಅದೇ ಬಂದಿದೆ. ಭಾರತ ಒಇಸಿಡಿಯ ಸದಸ್ಯ ಅಲ್ಲದಿದ್ದರೂ ಅದರ ತತ್ವಗಳಿಂದ ಎತ್ತಿಕೊಂಡ ಜಿ20 ಎಐ ತತ್ವಗಳಿಗೆ 2019ರಲ್ಲಿ ಒಸಾಕಾದಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಿಂದ ನಮ್ಮ ಕಂಪನಿಗೊಂದು ಅನುಕೂಲವಿದೆ: ‘ನಿಮ್ಮದು ಎಐ ಹೌದೋ ಅಲ್ಲವೋ’ ಎಂಬ ಪ್ರಶ್ನೆಗೆ ಹೆಚ್ಚಿನ ಕಡೆ ಒಂದೇ ಉತ್ತರ ಸಾಕು.

ಎರಡನೆಯದು: ಮಾನಕಗಳು

‘ಅಪಾಯವನ್ನು ಸರಿಯಾಗಿ ನಿಭಾಯಿಸಿ’ ಎಂದು ಕಾಯ್ದೆ ಹೇಳುತ್ತದೆ. ಸರಿಯಾಗಿ ಎಂದರೆ ಹೇಗೆ ಎನ್ನುವುದನ್ನು ಬಿಡಿಸಿ ಹೇಳುವುದು ಮಾನಕ. ಎಐಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕಗಳನ್ನು ಬರೆಯುವುದು ಐಎಸ್‌ಒ ಮತ್ತು ಐಇಸಿ ಎಂಬ ಜಾಗತಿಕ ಮಾನಕ ಸಂಸ್ಥೆಗಳ ಜಂಟಿ ಉಪಸಮಿತಿ, ಎಸ್‌ಸಿ 42. ಭಾರತದ ಪರವಾಗಿ ಅಲ್ಲಿ ಕೂರುವುದು ಭಾರತೀಯ ಮಾನಕ ಬ್ಯೂರೋ. ಒಂದು ಸಂಸ್ಥೆ ತನ್ನ ಎಐ ಕೆಲಸವನ್ನು ನಿರ್ವಹಿಸಬೇಕಾದ ಬಗೆಯನ್ನು ಹೇಳುವ ಐಎಸ್‌ಒ 42001 ಮಾನಕ 2023ರ ಡಿಸೆಂಬರ್‌ನಲ್ಲಿ ಬಂತು. ಅದರ ಪ್ರಮಾಣಪತ್ರವನ್ನು ಗಿರಾಕಿಗಳು ಈಗ ಕೇಳತೊಡಗಿದ್ದಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಆ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಐರೋಪ್ಯ ಕಾಯ್ದೆ ಪಾಲಿಸಿದಂತಾಗುವುದಿಲ್ಲ. 42001 ನೋಡುವುದು ಸಂಸ್ಥೆಯ ನಿರ್ವಹಣೆಯನ್ನು. ಐರೋಪ್ಯ ಕಾಯ್ದೆ ನೋಡುವುದು ಮಾರುಕಟ್ಟೆಗೆ ಬಂದ ವ್ಯವಸ್ಥೆಯಿಂದ ಜನರ ಆರೋಗ್ಯ, ಸುರಕ್ಷತೆ, ಹಕ್ಕುಗಳಿಗೆ ಆಗುವ ಅಪಾಯವನ್ನು. ಅದಕ್ಕಾಗಿ ಸೆನ್ ಮತ್ತು ಸೆನೆಲೆಕ್ ಎಂಬ ಐರೋಪ್ಯ ಮಾನಕ ಸಂಸ್ಥೆಗಳು ಬೇರೆಯೇ ಮಾನಕಗಳನ್ನು ಬರೆಯುತ್ತಿವೆ. ಒಕ್ಕೂಟ ಅಧಿಕೃತವಾಗಿ ಒಪ್ಪಿದ ಮಾನಕವನ್ನು ಪಾಲಿಸಿದವರು ಕಾನೂನನ್ನೂ ಪಾಲಿಸಿದ್ದಾರೆ ಎಂದೇ ಮೊದಲಿಗೆ ಭಾವಿಸಲಾಗುತ್ತದೆ. ತಪ್ಪಿದ್ದಾರೆಂದು ತೋರಿಸುವ ಭಾರ ಆಕ್ಷೇಪಿಸುವವರದು. ಈ ಕಾಗದಗಳ ತೂಕ ಎಷ್ಟೆಂದರೆ, ಹೆಚ್ಚಿನ ಅಪಾಯದ ನಿಯಮಗಳು 2026ರ ಆಗಸ್ಟ್ 2ರಿಂದ ಅನ್ವಯವಾಗಬೇಕೆಂದು ಕಾಯ್ದೆಯಲ್ಲಿ ಬರೆದಿದ್ದರೂ, ಮಾನಕಗಳು ಹೊತ್ತಿಗೆ ಸಿದ್ಧವಾಗದ ಕಾರಣ ಕೊಟ್ಟು ಗಡುವು ಮುಂದೂಡುವ ಪ್ರಸ್ತಾವವನ್ನು ಐರೋಪ್ಯ ಆಯೋಗವೇ 2025ರ ನವೆಂಬರ್‌ನಲ್ಲಿ ಮುಂದಿಟ್ಟಿತು.

ಮೂರನೆಯದು: ಒಬ್ಬರ ವರದಿ ಇನ್ನೊಬ್ಬರಿಗೆ ನಡೆಯುವುದು

ಒಂದು ದೇಶದಲ್ಲಿ ಮಾಡಿಸಿದ ಪರೀಕ್ಷೆಯನ್ನು ಇನ್ನೊಂದು ದೇಶ ಒಪ್ಪಿದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಹಗುರವಾದ ದಾರಿ ಎಂದರೆ ಎರಡು ನಿಯಮಾವಳಿಗಳನ್ನು ಅಕ್ಕಪಕ್ಕ ಇಟ್ಟು, ಇಲ್ಲಿನ ಈ ಅಂಶಕ್ಕೆ ಅಲ್ಲಿನ ಯಾವ ಅಂಶ ಸಮ ಎಂದು ಪಟ್ಟಿ ಮಾಡುವುದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2023ರ ಜನವರಿಯಲ್ಲಿ ಹೊರತಂದ ಎಐ ಅಪಾಯ ನಿರ್ವಹಣಾ ಚೌಕಟ್ಟಿಗೂ ಸಿಂಗಪುರದ ‘ಎಐ ವೆರಿಫೈ’ ಪರೀಕ್ಷಾ ವಿಧಾನಕ್ಕೂ ಅದೇ ವರ್ಷ ಇಂಥ ಪಟ್ಟಿ ಸಿದ್ಧವಾಯಿತು.

ಭಾರವಾದ ದಾರಿ ಪರಸ್ಪರ ಮಾನ್ಯತೆ. ದತ್ತಾಂಶ ರಕ್ಷಣೆಯಲ್ಲಿ ಅದು ಆಗಿದೆ: 2019ರಲ್ಲಿ ಜಪಾನ್ ಮತ್ತು ಐರೋಪ್ಯ ಒಕ್ಕೂಟ ಒಬ್ಬರ ರಕ್ಷಣೆ ಇನ್ನೊಬ್ಬರಿಗೆ ಸಮ ಎಂದು ಒಪ್ಪಿಕೊಂಡ ಮೇಲೆ ವೈಯಕ್ತಿಕ ಮಾಹಿತಿ ಅತ್ತಿತ್ತ ಸಲೀಸಾಗಿ ಹೋಗುತ್ತಿದೆ. ಎಐ ಆಡಿಟ್‌ಗಳಿಗೆ ಆ ಮಟ್ಟದ ಮಾನ್ಯತೆ ಇನ್ನೂ ದೂರ. ಎರಡೂ ಕಡೆ ಗಟ್ಟಿ ಕಾನೂನು, ನುರಿತ ಪರೀಕ್ಷಕರು, ನಂಬಿಕೆ ಮೂರೂ ಬೇಕು.

ಬೇಗ ಹೊಂದಿದ್ದೊಂದು, ಹೊಂದದ್ದು ಹಲವು

ಎಐ ತಯಾರಿಸಿದ ಚಿತ್ರ, ದನಿ, ವಿಡಿಯೊಗೆ ಗುರುತು ಹಾಕಬೇಕು ಎಂಬುದರಲ್ಲಿ ದೇಶಗಳು ಬೇಗ ಒಂದು ದಾರಿಗೆ ಬಂದಿವೆ. ಚೀನಾದ ನಿಯಮ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಕೊರಿಯಾದ ಕಾಯ್ದೆಯಲ್ಲೂ ಐರೋಪ್ಯ ಕಾಯ್ದೆಯಲ್ಲೂ ಈ ಷರತ್ತಿದೆ. ಭಾರತ 2026ರ ಫೆಬ್ರವರಿಯಲ್ಲಿ ಐಟಿ ನಿಯಮಗಳನ್ನು ತಿದ್ದಿ ಇದನ್ನು ತಂದಿತು. ಡೀಪ್‌ಫೇಕ್ ಎಲ್ಲ ಸರ್ಕಾರಗಳನ್ನೂ ಕಾಡುತ್ತದೆ, ಮತ್ತು ಗುರುತು ಹಾಕಲು ತಾಂತ್ರಿಕ ವಿಧಾನವೂ ಇದೆ. ಎರಡೂ ಕೂಡಿದಲ್ಲಿ ಒಮ್ಮತ ಬೇಗ ಬರುತ್ತದೆ.

ಮೌಲ್ಯಗಳ ಪ್ರಶ್ನೆ ಬಂದಲ್ಲಿ ಹೀಗಾಗುವುದಿಲ್ಲ. ನಮ್ಮ ಕಂಪನಿ ಸಂದರ್ಶನದ ವಿಡಿಯೊ ನೋಡಿ ಅಭ್ಯರ್ಥಿಯ ಭಾವನೆಗಳನ್ನು ಗುರುತಿಸುವ ಸೌಲಭ್ಯ ಸೇರಿಸಿದರೆ? ಕೆಲಸದ ಜಾಗದಲ್ಲಿ ಭಾವನೆ ಗುರುತಿಸುವ ಎಐಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ; ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸಂದರ್ಶನದ ವಿಡಿಯೊವನ್ನು ಎಐಯಿಂದ ಅಳೆಯಬಹುದು. ಮೊದಲೇ ತಿಳಿಸಿ, ವಿವರಿಸಿ, ಒಪ್ಪಿಗೆ ಪಡೆಯಬೇಕು. ಒಂದು ಕಡೆ ತಪ್ಪು, ಇನ್ನೊಂದು ಕಡೆ ಷರತ್ತಿನ ಮೇಲೆ ಸರಿ. ಯಾವ ಮಾನಕವೂ ಈ ಗಂಟು ಬಿಡಿಸದು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ನ್ಯೂಯಾರ್ಕ್ ಜನಾಂಗವಾರು ಲೆಕ್ಕ ಕೇಳುತ್ತದೆ. ಐರೋಪ್ಯ ದತ್ತಾಂಶ ಕಾನೂನು ಜಿಡಿಪಿಆರ್, ಜನಾಂಗದ ಮಾಹಿತಿಯನ್ನು ಮುಟ್ಟುವುದನ್ನೇ ಸಾಮಾನ್ಯವಾಗಿ ತಡೆಯುತ್ತದೆ. ಹಾಗಾದರೆ ತಾರತಮ್ಯವನ್ನು ಪತ್ತೆ ಹಚ್ಚುವುದು ಹೇಗೆ? ಐರೋಪ್ಯ ಎಐ ಕಾಯ್ದೆಯ 10ನೇ ವಿಧಿ, ತಾರತಮ್ಯ ಕಂಡುಹಿಡಿದು ತಿದ್ದಲು ಮಾತ್ರ, ಬಿಗಿ ಕಾವಲಿನಲ್ಲಿ ಅಂಥ ಮಾಹಿತಿ ಬಳಸಲು ಒಂದು ಕಿಂಡಿ ತೆರೆದಿಟ್ಟಿದೆ.

ಶೃಂಗಸಭೆಗಳಿಂದ ಏನಾಯಿತು?

2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಮೆರಿಕ, ಚೀನಾ, ಭಾರತ ಸೇರಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಒಂದೇ ಘೋಷಣೆಯನ್ನು ಒಪ್ಪಿದವು. 2025ರ ಫೆಬ್ರವರಿಯಲ್ಲಿ ಭಾರತವೂ ಸಹ ಅಧ್ಯಕ್ಷತೆ ವಹಿಸಿದ್ದ ಪ್ಯಾರಿಸ್ ಶೃಂಗಸಭೆಯ ಹೇಳಿಕೆಗೆ ಅಮೆರಿಕ, ಬ್ರಿಟನ್ ಸಹಿ ಹಾಕಲಿಲ್ಲ. ಅಮೆರಿಕದೊಳಗೇ ನೀತಿ ಮಗುಚಿತ್ತು: ಬೈಡನ್ 2023ರಲ್ಲಿ ಹೊರಡಿಸಿದ್ದ ಎಐ ಆದೇಶವನ್ನು ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ರದ್ದು ಮಾಡಿದ್ದರು. ಕಾನೂನಿನ ಬಲವುಳ್ಳ ಮೊದಲ ಅಂತರರಾಷ್ಟ್ರೀಯ ಎಐ ಒಡಂಬಡಿಕೆ ಕೌನ್ಸಿಲ್ ಆಫ್ ಯುರೋಪ್‌ನದು. 2024ರ ಸೆಪ್ಟೆಂಬರ್ 5ರಂದು ವಿಲ್ನಿಯಸ್‌ನಲ್ಲಿ ಸಹಿಗೆ ತೆರೆಯಿತು. ಆದರೆ ರಾಷ್ಟ್ರೀಯ ಭದ್ರತೆಗೆ ಅದರಲ್ಲಿ ವಿನಾಯಿತಿಯಿದೆ, ಖಾಸಗಿ ಕಂಪನಿಗಳಿಗೆ ಹೇಗೆ ಅನ್ವಯಿಸಬೇಕೆಂಬ ಆಯ್ಕೆ ಆಯಾ ದೇಶದ್ದು. ಸರ್ಕಾರ ಬದಲಾದರೆ ಘೋಷಣೆಗಳ ಬೆಲೆ ಏರಿಳಿಯುತ್ತದೆ. ಪರೀಕ್ಷಾ ವಿಧಾನ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಹಾಗಾದರೆ ಕಂಪನಿ ಮಾಡಬೇಕಾದ್ದೇನು?

ದೇಶಕ್ಕೊಂದು ಕಡತ ತೆರೆಯುವ ಬದಲು ಒಂದೇ ಮೂಲ ಕಡತ ಇಡುವುದು ಜಾಣತನ. ತಂತ್ರಾಂಶ ಯಾವ ಕೆಲಸಕ್ಕೆ, ಯಾವ ಕೆಲಸಕ್ಕಲ್ಲ, ಯಾವ ದತ್ತಾಂಶದಿಂದ ಕಲಿತಿದೆ, ಯಾರ ಮೇಲೆ ಹೇಗೆ ಪರೀಕ್ಷಿಸಲಾಯಿತು, ಎಲ್ಲಿ ಎಡವುತ್ತದೆ, ತೀರ್ಪನ್ನು ಯಾವ ಮನುಷ್ಯ ತಡೆಯಬಹುದು, ಲಾಗ್ ಎಲ್ಲಿದೆ. ಈ ಏಳು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಮೇಲಿನ ಕಾನೂನುಗಳು ಕೇಳುವುದರ ದೊಡ್ಡ ಪಾಲು ಸಿಕ್ಕಂತೆ. ಅದರ ಮೇಲೆ ದೇಶವಾರು ತೆಳು ಪದರ ಸಾಕು: ನ್ಯೂಯಾರ್ಕಿಗೆ ಅನುಪಾತದ ವರದಿ, ಜರ್ಮನಿಗೆ ಪ್ರತಿನಿಧಿ ಮತ್ತು ಸಿಇ ಗುರುತು, ಭಾರತದಲ್ಲಿ ಒಪ್ಪಿಗೆ ಪತ್ರ. ಭಾವನೆ ಗುರುತಿಸುವಂಥ ನಿಷಿದ್ಧ ಸೌಲಭ್ಯಗಳಿಗೆ ಮಾತ್ರ ದೇಶವಾರು ಸ್ವಿಚ್ ಬೇಕು.

ಪರೀಕ್ಷೆಯನ್ನು ಬರೆಯುವವರು ಯಾರು?

ಪುರಾವೆ ಒಂದಾಗುತ್ತಿದೆ ಎಂದರೆ ಯಾವ ಅನ್ಯಾಯವನ್ನು ಅಳೆಯಬೇಕು ಎಂಬ ತೀರ್ಮಾನವೂ ಒಂದಾಗುತ್ತಿದೆ ಎಂದರ್ಥ. ನ್ಯೂಯಾರ್ಕಿನ ಆಡಿಟ್‌ನಲ್ಲಿ ಲಿಂಗವಿದೆ, ಜನಾಂಗವಿದೆ, ಜಾತಿ ಇಲ್ಲ. ಅಲ್ಲಿ ಪಾಸಾದ ತಂತ್ರಾಂಶ ಹುಬ್ಬಳ್ಳಿಯ ಅಭ್ಯರ್ಥಿಯ ಅಡ್ಡಹೆಸರಿನಿಂದ, ಓದಿದ ಶಾಲೆಯಿಂದ, ವಿಳಾಸದ ಕೇರಿಯಿಂದ ಜಾತಿಯನ್ನು ಊಹಿಸಿ ಅಂಕ ಇಳಿಸುತ್ತಿದ್ದರೂ ಆ ವರದಿಯಲ್ಲಿ ಅದು ಕಾಣುವುದಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಹೊತ್ತ ಕನ್ನಡದ ಹೆಸರು, ಮೊದಲ ಹೆಸರು–ಕೊನೆಯ ಹೆಸರು ಎಂದು ಬೇರ್ಪಡಿಸುವ ನಮೂನೆಯಲ್ಲಿ ಏನಾಗುತ್ತದೆ ಎಂದೂ ಆ ಪರೀಕ್ಷೆ ಕೇಳುವುದಿಲ್ಲ. ಇವನ್ನು ಸೇರಿಸಿ ಎಂದು ಹೇಳಬೇಕಾದವರು ಇಲ್ಲಿನವರೇ.

ಹಾಗೆ ಹೇಳಲು ಜಾಗವೂ ಇದೆ. ಭಾರತೀಯ ಮಾನಕ ಬ್ಯೂರೋ ತನ್ನ ಕರಡು ಮಾನಕಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ. ಅದರ ಸಮಿತಿಗಳಲ್ಲಿ ಉದ್ಯಮ, ವಿಶ್ವವಿದ್ಯಾಲಯಗಳ ಪ್ರತಿನಿಧಿಗಳು ಕೂರುತ್ತಾರೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳು ಹೊರದೇಶದ ನಿಯಮ ಪಾಲಿಸಲು ಎಂಜಿನಿಯರುಗಳ ಎಷ್ಟೋ ಗಂಟೆ ಕೊಡುತ್ತವೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಕರಡು ಓದಿ ಟಿಪ್ಪಣಿ ಬರೆಯಲು ಕೊಟ್ಟರೂ, ನಾಳೆ ಜರ್ಮನಿಯಲ್ಲೂ ಕೊರಿಯಾದಲ್ಲೂ ನಡೆಯುವ ಪರೀಕ್ಷೆಯಲ್ಲಿ ನಮ್ಮ ಪ್ರಶ್ನೆಗಳೂ ಸೇರಬಹುದು.