ಕಾಡಿನ ಬೇರುಗೆಡ್ಡೆಯ ಬಳ್ಳಿಗಳನ್ನು ಗುರುತಿಸುವ ಕ್ರಮ

ಬಂಗಾರಪೇಟೆ, ಕೋಲಾರದ ಚಿನ್ನದ ಗಣಿ ಮತ್ತು ಕಾಮಸಮುದ್ರದ ಸುತ್ತಣ ಕುರುಚಲು ಕಾಡುಗಳಲ್ಲಿಯೂ ಬಂಡೆಗುಡ್ಡಗಳಲ್ಲಿಯೂ ನೆಲದೊಳಗಣ ಬೇರು ಅಥವಾ ಗೆಡ್ಡೆಯ ಬಲದಿಂದ ವರ್ಷ ವರ್ಷವೂ ಚಿಗುರುವ ಬಳ್ಳಿಗಳುಂಟು. ಗ್ರಾಮಸ್ಥರು ಮುಖ್ಯವಾಗಿ ಅರಿತಿರಬೇಕಾದವು ನಾಲ್ಕು. ಇವುಗಳಲ್ಲಿ ಮೊದಲನೆಯದು ಪ್ರಾಣಾಪಾಯಕರವಾದುದು.

1. ಗೌರಿಹೂವಿನ ಬಳ್ಳಿ.— ಇದಕ್ಕೆ ಅಗ್ನಿಶಿಖೆ, ಕೋಳಿಕುಟುಮ ಎಂಬ ಹೆಸರುಗಳೂ ಉಂಟು. ಎಲೆಯ ತುದಿಯೇ ನೀಳವಾಗಿ ಸುರುಳಿಗೊಂಡು ಆಸರೆಯನ್ನು ಹಿಡಿಯುವುದು ಇದರ ಮುಖ್ಯ ಲಕ್ಷಣ. ಮಳೆಗಾಲದಲ್ಲಿ ಬಿಡುವ ಹೂವಿಗೆ ಆರು ದಳಗಳು. ಅವು ಮೇಲ್ಮುಖವಾಗಿ ಮಡಿಸಿಕೊಂಡು, ಹಸಿರಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ತಿರುಗುತ್ತವೆ. ಗೆಡ್ಡೆಯು ನೇಗಿಲಿನಂತೆ ಬಾಗಿರುವುದು. ಸಂಸ್ಕೃತದಲ್ಲಿ ಇದನ್ನು ಲಾಂಗಲೀ ಎನ್ನುವರು. ಇದರಲ್ಲಿರುವ ಕಾಲ್ಚಿಸಿನ್ ಎಂಬ ವಿಷವು ಬೇಯಿಸಿದರೂ ಹೋಗುವುದಿಲ್ಲ.

2. ಕಾಡುಗೆಣಸು.— ಇದರ ಎಲೆಯ ತುದಿಯಲ್ಲಿ ಸುರುಳಿಯಿರುವುದಿಲ್ಲ. ಕಾಂಡವೇ ಆಸರೆಯನ್ನು ಸುತ್ತಿಕೊಂಡು ಏರುತ್ತದೆ. ಎಲೆಯು ಜಾತಿಗನುಸಾರವಾಗಿ ಹೃದಯದ ಆಕಾರದಲ್ಲಿರಬಹುದು, ಇಲ್ಲವೆ ಮೂರರಿಂದ ಐದು ಕಿರುಎಲೆಗಳಾಗಿ ಒಡೆದಿರಬಹುದು. ಇವುಗಳಲ್ಲಿಯೂ ಕೆಲವು ಜಾತಿಗಳು ಹಾಗೆಯೇ ತಿನ್ನತಕ್ಕವಲ್ಲ.

3. ಸೊಗದೆ ಅಥವಾ ನಾಮದ ಬೇರು.— ತೆಳುವಾದ ಕಾಂಡ. ಎದುರೆದುರಾಗಿ ಜೋಡಿಸಿದ ಎಲೆಗಳು. ಎಲೆಯ ನಡುನರದ ಉದ್ದಕ್ಕೂ ಬಿಳಿಯ ಗೆರೆ. ಮುರಿದರೆ ಹಾಲು ಸುರಿಯುವುದು. ಬೇರು ಸಣ್ಣದು, ಗಡುಸು, ಪರಿಮಳವುಳ್ಳದ್ದು.

4. ಮಾಕಳಿ.— ಬಂಡೆಗಳ ಸಂದಿನಲ್ಲಿ ಬೆಳೆಯುವುದು. ಎಲೆಗಳು ಎದುರೆದುರಾಗಿ, ದಪ್ಪವಾಗಿ, ಮೊಂಡು ತುದಿಯುಳ್ಳವಾಗಿರುತ್ತವೆ. ಇದರಲ್ಲಿಯೂ ಹಾಲುಂಟು. ಉಪ್ಪಿನಕಾಯಿಗೆ ಒದಗುವ ಬೇರು ದಪ್ಪನಾಗಿ, ರಸಭರಿತವಾಗಿ, ತೀವ್ರವಾದ ಸುವಾಸನೆಯಿಂದ ಕೂಡಿರುವುದು.

ಹಾಲಿನ ಗುರುತೊಂದನ್ನೇ ನಂಬಲಾಗದು. ಹಾಲುಳ್ಳ ವಿಷಬಳ್ಳಿಗಳೂ ಉಂಟು. ಎಲೆ, ಕಾಂಡ, ವಾಸನೆ, ಬೇರು ಇವೆಲ್ಲವೂ ಒಂದಕ್ಕೊಂದು ಹೊಂದಿಬಂದರೆ ಮಾತ್ರ ನಿಶ್ಚಯಿಸತಕ್ಕದ್ದು.

ಮುಖ್ಯವಾಗಿ ಗಮನಿಸಬೇಕಾದುದು ಕಾಲ. ಗೌರಿಹೂವಿನ ಬಳ್ಳಿಯೂ ಕಾಡುಗೆಣಸೂ ಮಳೆಗಾಲ ಮುಗಿದ ಮೇಲೆ ಒಣಗಿಹೋಗಿ, ಬೇಸಗೆಯಲ್ಲಿ ಗೆಡ್ಡೆ ಮಾತ್ರ ನೆಲದಲ್ಲಿ ಉಳಿಯುತ್ತದೆ. ಎಲೆಯ ಸಾಕ್ಷಿಯಿಲ್ಲದ ಈ ಕಾಲದಲ್ಲಿಯೇ ಒಂದನ್ನು ಮತ್ತೊಂದೆಂದು ಭ್ರಮಿಸುವ ಸಂಭವ ಹೆಚ್ಚು. ಆದಕಾರಣ ಮಳೆಗಾಲದಲ್ಲಿ ಎಲೆಯನ್ನು ನೋಡಿ ಸ್ಥಳವನ್ನು ಗುರುತುಮಾಡಿಡಬೇಕು. ಗುರುತಿಲ್ಲದ ಗೆಡ್ಡೆಯನ್ನು ಒಲೆಯ ಮೇಲೆ ಏರಿಸಲಾಗದು.

ವಿಷದ ಗೆಡ್ಡೆಯನ್ನು ತಿಂದವರಿಗೆ ಕೆಲವು ಗಂಟೆಗಳಲ್ಲಿ ಬಾಯಿಗಂಟಲುಗಳ ಉರಿ, ವಾಂತಿ, ಭೇದಿ ತೋರುತ್ತವೆ. ಲಕ್ಷಣಗಳಿಗೆ ಕಾಯದೆ, ಮನೆಮದ್ದಿನಲ್ಲಿ ಕಾಲ ಕಳೆಯದೆ, ಉಳಿದ ಗೆಡ್ಡೆಯ ತುಂಡಿನೊಡನೆ ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಮಾಕಳಿಯ ಬೇರನ್ನು ಪೂರ್ತಿಯಾಗಿ ಕಿತ್ತರೆ ಬಳ್ಳಿಯೇ ಸಾಯುತ್ತದೆ. ಅತಿಯಾಗಿ ಅಗೆದುದರಿಂದಲೇ ಅದು ವಿರಳವಾಗಿದೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1963ರ ಅರಣ್ಯ ಕಾನೂನಿನ ಮೇರೆಗೆ ಅಪರಾಧವೂ ಹೌದು. ಗ್ರಾಮದ ಮುಖಂಡರು ಮಳೆಗಾಲದಲ್ಲೊಮ್ಮೆ ದನಕಾಯುವವರನ್ನೂ ಮಕ್ಕಳನ್ನೂ ಬೇಲಿಯ ಬಳಿಗೆ ಕರೆದೊಯ್ದು, ತುದಿ ಸುರುಳಿಗೊಂಡ ಆ ಎಲೆಯನ್ನು ಕಣ್ಣಾರೆ ತೋರಿಸುವುದು ಶ್ರೇಯಸ್ಕರ.